ದಿಂಬಂನಲ್ಲಿ ಹುಟ್ಟಿದ ರೂಲ್ಸು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಕಣ್ಣಿನ ಆಪರೇಷನ್ ಆಗಲಿ ಎಂದು ಒಂದು ವರ್ಷ ಮುಂದಕ್ಕೆ ಹಾಕಿದೆ. ಆಪರೇಷನ್ ಆದಮೇಲೆ ಕನ್ನಡಕ ಬರಲಿ ಎಂದೆ. ಹೋದ ಬೇಸಿಗೆಯಲ್ಲಿ ಎರಡು ಹಾಳೆ ಬರೆದು ಓದಿಕೊಂಡರೆ, ಅದರಲ್ಲಿ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ. ಹರಿದು ಒಲೆಗೆ ಹಾಕಿದೆ. ಈಗ ಕನ್ನಡಕವೂ ಹಳೆಯದಾಗಿದೆ. ಇನ್ನು ನೆಪ ಉಳಿದಿಲ್ಲ.

ನಾನು ಗೆಟ್ಟವಾಡಿಯವನು. ಕನ್ನಡ ಮಾತಾಡುವ, ಆದರೆ ತಮಿಳು ರಾಜ್ಯಕ್ಕೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಒಂದು ಹೈಸ್ಕೂಲಿನಲ್ಲಿ ಕ್ಲರ್ಕಾಗಿದ್ದೆ. ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೇ. ಆದರೂ ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಸುತ್ತಿನ ಹಳ್ಳಿಗಳ ಮಕ್ಕಳು ಮುಂದೆ ಏನು ಓದಬಹುದು, ಎಲ್ಲಿ ಓದಬಹುದು, ಅದಕ್ಕೆ ಏನೇನು ಕಾಗದ ಬೇಕು ಎಂದು ಹೇಳುತ್ತಿದ್ದವನು ನಾನೇ. ಟಿ.ಸಿ. ಬರೆಯುವ ಕೈ ನನ್ನದಾಗಿದ್ದರಿಂದ ಉಳಿದದ್ದೂ ನನಗೆ ಗೊತ್ತಿರುತ್ತದೆ ಎಂದು ಜನ ನಂಬಿದ್ದರು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಶಿವನ ದಿನ, ಬಸವನಿಗೆ ಬಿಡುವು. ಹಾಗಾಗಿ ಗಂಡಸರಿಗೂ ಬಿಡುವು. ರಿಸಲ್ಟ್ ಬಂದ ಮೇಲಿನ ಸೋಮವಾರಗಳಲ್ಲಿ ಸಂಜೆ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ನಮ್ಮ ಜಗಲಿ ತುಂಬಿರುತ್ತಿತ್ತು. ಒಂದು ಕೈಯಲ್ಲಿ ಮಾರ್ಕ್ಸ್ ಕಾರ್ಡು, ಇನ್ನೊಂದು ಕೈಯಲ್ಲಿ ಮಗನ ರಟ್ಟೆ. ನಾನು ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟು, ನನ್ನ ಬೆತ್ತದ ಕುರ್ಚಿಯಲ್ಲಿ ಕೂರುವವರೆಗೆ ಯಾರೂ ಮಾತೆತ್ತುತ್ತಿರಲಿಲ್ಲ. ಆ ಮೌನ ನನಗೆ ಬಹಳ ಹಿಡಿಸುತ್ತಿತ್ತು.

ನಾವು ಕಾಲೇಜುಗಳನ್ನು ಎರಡೇ ಮಾತಿನಲ್ಲಿ ವಿಂಗಡಿಸುತ್ತಿದ್ದೆವು: ಆಚೆ, ಕೆಳಗೆ. ಆಚೆ ಎಂದರೆ ಗಡಿ ದಾಟಿ ಚಾಮರಾಜನಗರದ ಕಡೆ. ಭಾಷೆ ನಮ್ಮದು, ರಾಜ್ಯ ಬೇರೆಯದು. ಅಲ್ಲಿಗೆ ಸೇರಬೇಕಾದರೆ ನಮ್ಮ ಬೋರ್ಡಿನ ಮೈಗ್ರೇಷನ್ ಸರ್ಟಿಫಿಕೇಟು ಬೇಕು, ಅಲ್ಲಿಯ ಯೂನಿವರ್ಸಿಟಿಯಿಂದ ಅರ್ಹತಾ ಪತ್ರ ಬೇಕು. ಇವೆರಡೂ ಕಡೆಯ ತಾರೀಕು ಕಳೆದ ಮೇಲೆ ಬರುವುದೇ ಹೆಚ್ಚು. ಕೆಳಗೆ ಎಂದರೆ ಘಟ್ಟದ ತಲೆಯಲ್ಲಿರುವ ದಿಂಬಂನಿಂದ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲದ ಬಯಲಿನ ಕಡೆ. ರಾಜ್ಯ ನಮ್ಮದೇ, ಬೋರ್ಡು ನಮ್ಮದೇ, ಭಾಷೆ ತಮಿಳು.

ಕೆಳಗಿನ ಕಾಲೇಜಿನ ಬಗ್ಗೆ ನಾನು ಹೇಳುತ್ತಿದ್ದುದು ಒಂದೇ ಮಾತು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅಲ್ಲಿ ಸೀಟು ಕೊಡುವುದಿಲ್ಲ, ಅದು ರೂಲ್ಸು. ನಮ್ಮ ಮಕ್ಕಳೆಲ್ಲ ಓದುತ್ತಿದ್ದುದು ಕನ್ನಡದಲ್ಲೇ. ಹಾಗಾಗಿ ಆಚೆಯ ಕಾಗದ ಸಿಕ್ಕಿದವರು ಆಚೆ ಹೋಗಿ ಬಿ.ಎ. ಓದಿದರು, ಸಿಗದವರು ಹೊಲಕ್ಕೆ ಹೋದರು. ಕೆಳಗಿನ ದಾರಿಯನ್ನು ಯಾರೂ ನೋಡಲಿಲ್ಲ.

ಆ ರೂಲ್ಸು ಸುಳ್ಳು. ಅದನ್ನು ಹುಟ್ಟಿಸಿದವನು ನಾನು.

ಅದು ಹುಟ್ಟಿದ್ದು ಹೀಗೆ. ನಾನು ಎಸ್.ಎಸ್.ಎಲ್.ಸಿ. ಪಾಸಾದಾಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಗ ನಮಗೆ ಹನ್ನೊಂದನೆಯ ಕ್ಲಾಸಿಗೆ ಎಸ್.ಎಸ್.ಎಲ್.ಸಿ.; ಆಮೇಲೆ ಕಾಲೇಜಿನಲ್ಲೇ ಒಂದು ವರ್ಷ ಪಿ.ಯು.ಸಿ.; ಅದರ ಮೇಲೆ ಮೂರು ವರ್ಷ ಡಿಗ್ರಿ. ನಮ್ಮಪ್ಪ ರಾಗಿ, ಬೀನ್ಸು ಬೆಳೆಯುವ ರೈತ. ಮಗ ಬಿ.ಕಾಂ. ಓದಲಿ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ನನಗೆ ಹೊಸ ಪಂಚೆ ಕೊಡಿಸಿ ಬಸ್ಸು ಹತ್ತಿಸಿದರು. ಕೆಳಗಿನ ಕಾಲೇಜಿನ ಗೇಟಿನವರೆಗೆ ಹೋದೆ. ಒಳಗೆ ಕಿಟಕಿಯ ಮುಂದೆ ಸಾಲು ನಿಂತಿತ್ತು. ಎಲ್ಲರೂ ಪ್ಯಾಂಟು ಹಾಕಿದವರು. ಒಬ್ಬರಿಗೊಬ್ಬರು ತಮಿಳಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ನಗಾಡುತ್ತಿದ್ದರು. ನನ್ನ ಪಂಚೆಗೆ ಬಸ್ಸಿನ ಗ್ರೀಸು ಹತ್ತಿತ್ತು. ಬೇವಿನ ಮರದ ಕೆಳಗೆ ಒಂದು ಗಂಟೆ ನಿಂತೆ. ಸಾಲು ಕರಗಿತು, ಕಿಟಕಿ ಖಾಲಿಯಾಯಿತು, ಒಳಗಿದ್ದವರು ನನ್ನ ಕಡೆ ನೋಡಿದರು ಕೂಡ. ನಾನು ತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಕಿಟಕಿಯ ಹತ್ತಿರ ಹೋಗಲಿಲ್ಲ. ಯಾರನ್ನೂ ಏನನ್ನೂ ಕೇಳಲಿಲ್ಲ. ಯಾರೂ ನನ್ನನ್ನು ಬೇಡ ಎನ್ನಲಿಲ್ಲ.

ಮೇಲೆ ಬಂದು ದಿಂಬಂನಲ್ಲಿ ಬಸ್ಸು ನಿಂತಿತು. ಟೀ ಅಂಗಡಿಯ ಬೆಂಚಿನಲ್ಲಿ ಕುಳಿತು, ಅಪ್ಪನಿಗೆ ಏನು ಹೇಳುವುದು ಎಂದು ಯೋಚಿಸಿದೆ. ಗಾಳಿ ಜೋರಾಗಿತ್ತು, ಟೀ ಬೇಗ ಆರಿತು. ಲೋಟ ಕೆಳಗಿಡುವ ಹೊತ್ತಿಗೆ ರೂಲ್ಸು ಸಿದ್ಧವಾಗಿತ್ತು. ಅಪ್ಪ ಕೇಳಿ, "ಅಂಗಾ? ಸರ್ಕಾರ್ದೋರೇ ಅಂಗ್ ಮಾಡ್ಬುಟ್ರೆ ನಾವೇನ್ಲಾ ಮಾಡಾದು," ಎಂದು ಎದ್ದು ಹೋದರು. ಅಷ್ಟು ಸುಲಭವಾಗಿ ನಂಬಿಬಿಟ್ಟರಲ್ಲ ಎಂದು ನನಗೇ ಆಶ್ಚರ್ಯವಾಯಿತು.

ನಾಲ್ಕು ವರ್ಷದ ಮೇಲೆ ನನ್ನ ತಂಗಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ನನಗಿಂತ ಬಹಳ ಮುಂದೆ. ಆ ಹೊತ್ತಿಗೆ ನಾನು ಕ್ಲರ್ಕಾಗಿದ್ದೆ. ಅಪ್ಪನ ಜೊತೆ ಬೀನ್ಸ್ ಮೂಟೆಯ ಗಾಡಿಯಲ್ಲಿ ಸಂತೆಗೆ ಹೋಗಿ ಬರುತ್ತಿದ್ದ ಹುಡುಗಿ ಅವಳು. ಎಲ್ಲರ ಗಾಡಿ ಒಂದೇ ದಿನ ಹೋದರೆ ಬೆಲೆ ಯಾಕೆ ಬೀಳುತ್ತದೆ, ಬಿದ್ದ ಬೆಲೆ ಮಾರನೆಯ ದಿನ ಯಾಕೆ ಏಳುತ್ತದೆ ಎಂದು ದಾರಿಯುದ್ದಕ್ಕೂ ಕೇಳಿ ಅಪ್ಪನ ತಲೆ ತಿನ್ನುತ್ತಿದ್ದಳು. ಯಾವ ಮೇಷ್ಟರು ಹೇಳಿದ್ದರೋ, ಒಂದು ದಿನ ನನ್ನ ಮುಂದೆ ಬಂದು ನಿಂತಳು.

"ಅಣ್ಣ, ಬಿ.ಎ.ಲಿ ಎಕನಾಮಿಕ್ಸ್ ಅಂತ ಅದಂತಲ್ಲ. ಬೆಲೆ ಏಳೋದು ಬೀಳೋದು ಎಲ್ಲ ಅದ್ರಲ್ಲೇ ಬತ್ತದಂತೆ. ನಾ ಅದ್ನೇ ಓದ್ತೀನಿ. ಅಪ್ಪ ಊಂ ಅಂದವ್ರೆ. ನೀನೊಂದ್ ಮಾತು ಏಳ್ಬುಡು."

ಅಪ್ಪ ಒಳಗಿನಿಂದಲೇ ಕೂಗಿದರು: "ನಿಮ್ಮಣ್ಣ ಓಗು ಅಂದ್ರೆ ಓಗವ್ವ. ನಂದೇನೂ ಅಡ್ಡಿಲ್ಲ."

ಆಚೆಯ ತಾರೀಕು ಕಳೆದಿತ್ತು, ಉಳಿದದ್ದು ಕೆಳಗಿನ ಕಾಲೇಜು. ಹೋಗು ಎಂದರೆ ಅಲ್ಲಿಗೆ ಅವಳನ್ನು ಕರೆದುಕೊಂಡು ಹೋಗಬೇಕಾದವನು ನಾನೇ. ಅವಳು ಬೇವಿನ ಮರದ ಕೆಳಗೆ ನಿಲ್ಲುವ ಹುಡುಗಿಯಲ್ಲ. ನೇರ ಕಿಟಕಿಗೆ ಹೋಗಿ ಕೇಳುತ್ತಾಳೆ. ಕೇಳಿದ ಅರ್ಧ ನಿಮಿಷಕ್ಕೆ ನನ್ನ ಬಣ್ಣ ಬಯಲಾಗುತ್ತದೆ. ಇಷ್ಟೂ ನನಗೆ ಹೊಳೆದದ್ದು ಅವಳು ಮಾತು ಮುಗಿಸುವುದರೊಳಗೆ.

"ಕನ್ನಡದಲ್ಲಿ ಓದಿದೋರ್ಗೆ ಅಲ್ಲಿ ಸೀಟಿಲ್ಲ ಕಣವ್ವ," ಎಂದೆ. "ನಂಗೇ ಕೊಡ್ಲಿಲ್ವಲ್ಲ."

"ಎಣ್ಮಕ್ಕಳಿಗೂ ಅದೇ ರೂಲ್ಸಾ?"

"ಎಲ್ಲಾರ್ಗೂ ಒಂದೇ."

ಅವಳು ಅಳಲಿಲ್ಲ. ಮಾರ್ಕ್ಸ್ ಕಾರ್ಡನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಮಾರನೆಯ ವರ್ಷ ಪಣಕಹಳ್ಳಿಗೆ ಅವಳನ್ನು ಕೊಟ್ಟೆವು.

ಒಮ್ಮೆ ತಂಗಿಗೆ ಹೇಳಿದ ಮೇಲೆ ಮಿಕ್ಕವರಿಗೆ ಹೇಳುವುದು ಕಷ್ಟವಾಗಲಿಲ್ಲ. ಹತ್ತು ಹನ್ನೆರಡು ವರ್ಷ ಹೇಳಿದೆ. ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಬಂದವು. ಸರ್ಕಾರದ ಆರ್ಡರ್ ಇದೆ ಎಂದೆ, ಆರ್ಡರಿನ ನಕಲು ಆಫೀಸಿನಲ್ಲಿದೆ ಎಂದೆ. ಒಬ್ಬ ಹುಡುಗ ಟೈಲರ್ ಆದ. ಇನ್ನೊಬ್ಬ ಟ್ರ್ಯಾಕ್ಟರ್ ಓಡಿಸಿದ. ಆಮೇಲಾಮೇಲೆ ನಾನು ಹೇಳುವ ಅಗತ್ಯವೇ ಇರಲಿಲ್ಲ. ಜನರೇ ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗುತ್ತಿದ್ದರು.

ಈ ನಡುವೆ ಪಿ.ಯು.ಸಿ. ಹೋಗಿ ಸ್ಕೂಲಿಗೇ ಪ್ಲಸ್ ಟು ಬಂತು. ನಮ್ಮ ಸ್ಕೂಲಿಗೆ ಕೊಟ್ಟದ್ದು ಒಂದೇ ಗ್ರೂಪು: ಹಿಸ್ಟರಿ, ಎಕನಾಮಿಕ್ಸ್, ಕಾಮರ್ಸ್, ಅಕೌಂಟೆನ್ಸಿ. ಎಂಬತ್ತರ ದಶಕದ ನಡುಭಾಗದಲ್ಲಿ ಆ ಗ್ರೂಪಿನಲ್ಲಿ ಒಂದು ಹುಡುಗಿ ಎಲ್ಲರಿಗಿಂತ ಮೊದಲು ಬಂದಳು. ಅವಳು ನನ್ನ ತಂಗಿಯ ನಾದಿನಿ. ತಂಗಿ ಮದುವೆಯಾಗಿ ಹೋದಾಗ ಅವಳು ಲಂಗ ಎಳೆದುಕೊಂಡು ಓಡಾಡುವ ಮಗು. ಅತ್ತೆ ಕಾಯಿಲೆಯವರಾದ್ದರಿಂದ ಸಾಕಿದವಳು ನನ್ನ ತಂಗಿಯೇ. ಅ ಆ ತಿದ್ದಿಸಿದ್ದೂ ಅವಳೇ. ನನ್ನನ್ನು ಭಾವ ಎಂದು ಕರೆಯುತ್ತಿದ್ದ ಆ ಹುಡುಗಿಗೆ ಕೀಟಲೆ ಮಾಡುವ ಸಲಿಗೆಯೂ ಇತ್ತು.

ಆ ವರ್ಷ ನಮ್ಮ ರಿಸಲ್ಟು ತಡವಾಯಿತು. ಆಚೆಯ ಕಾಲೇಜಿನಲ್ಲಿ ಸೇರಿಸಿಕೊಳ್ಳುವ ದಿನ ಮುಗಿದೇ ಹೋಗಿತ್ತು. ಅವಳು ಓದುವುದಾದರೆ ಕೆಳಗೇ ಓದಬೇಕು, ಇಲ್ಲವಾದರೆ ಇಲ್ಲ. ಆಗಲೇ ಅವಳನ್ನು ಎರಡು ಕಡೆಯಿಂದ ಹೆಣ್ಣು ಕೇಳುತ್ತಿದ್ದರು. ಒಂದು ವರ್ಷ ಮನೆಯಲ್ಲಿ ಕೂತರೆ ಮತ್ತೆ ಓದು ಎಂಬುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ಸೋಮವಾರ ಸಂಜೆ ಅವಳೂ ತಂಗಿಯೂ ನಮ್ಮ ಜಗಲಿಗೆ ಬಂದರು. ಐದಾರು ಜನ ಗಂಡಸರು ಕುಳಿತಿದ್ದರು. ನಾನು ಎಂದಿನಂತೆ ರೂಲ್ಸು ಹೇಳಿದೆ. ಹುಡುಗಿ ಚೀಲದಿಂದ ಒಂದು ತೆಳುವಾದ ಪುಸ್ತಕ ತೆಗೆದಳು. ಕೆಳಗಿನ ಕಾಲೇಜಿನ ಪ್ರಾಸ್ಪೆಕ್ಟಸ್. ಸ್ಟಾಂಪು ಹಚ್ಚಿದ ಕವರು ಕಳಿಸಿ ಅಂಚೆಯಲ್ಲೇ ತರಿಸಿಕೊಂಡಿದ್ದಳು. ಅಂಥ ಒಂದು ಪುಸ್ತಕವಿದೆ ಎಂಬುದು ನಮ್ಮ ಜಗಲಿಗೆ ಅವತ್ತೇ ಗೊತ್ತಾದದ್ದು.

"ಭಾವ, ಇದ್ರಲ್ಲಿ ಎಲ್ಲ ಬರ್ದವ್ರೆ. ಬಿ.ಕಾಂ.ಗೆ ಪ್ಲಸ್ ಟು ಪಾಸಾಗಿರ್ಬೇಕು, ಕಾಮರ್ಸ್ ಗ್ರೂಪ್ ಓದಿರೋರ್ಗೆ ಮೊದ್ಲು ಸೀಟು. ಬಿ.ಎ. ಎಕನಾಮಿಕ್ಸ್‌ಗೆ ಯಾವ್ ಗ್ರೂಪಾದ್ರೂ ಸರಿ. ಬಿ.ಎ. ಕೋ-ಆಪರೇಷನ್ ಅಂತ ಒಂದದ, ಸೊಸೈಟಿ ಕೆಲ್ಸುಕ್ಕೆ. ಬಿಜಿನೆಸ್ ಅಡ್ಮಿನಿಸ್ಟ್ರೇಷನ್ ಅಂತ್ಲೂ ಒಂದದ. ಮೊದ್ಲನೇ ಭಾಷೆ ತಮಿಳು ಇಲ್ದಿದ್ರೆ ಬೇರೆ ಭಾಷೆ. ನಾನು ಮೂರ್ ಸಲ ಓದ್ದೆ. ನಿಮ್ ರೂಲ್ಸು ಯಾವ್ ಪೇಜಲ್ಲದ ಭಾವ?"

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡಿದ್ದ ಮುದುಕರೊಬ್ಬರು ಕಿಸಕ್ಕನೆ ನಕ್ಕರು. "ಏನ್ ಕ್ಲರ್ಕಣ್ಣ, ಎಣ್ಮಗ ಲಾ ಪಾಯಿಂಟ್ ಆಕ್ತದಲ್ಲ! ಏಳಪ್ಪ ಪೇಜು!"

ಜಗಲಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. "ಪುಸ್ತಕದಲ್ಲಿ ಎಲ್ಲಾನೂ ಅಚ್ಚಾಕಲ್ಲ ಕಣವ್ವ," ಎಂದೆ. "ಕೆಲವ್ನ ಕಿಟಕೀಲಿ ಬಾಯ್ಮಾತ್ನಲ್ಲೇ ಏಳ್ತಾರೆ. ಓಗಿ ಬಂದೋನು ನಾನು. ನೀನಲ್ಲ."

"ಓಗ್ಲಿ ಬುಡಣ್ಣ, ಅರ್ಜಿ ಆಕ್ಲಿ," ಎಂದಳು ತಂಗಿ. "ಇಲ್ಲ ಅಂದ್ರೆ ಇಲ್ಲ ಅಂತಾರೆ. ಕಚ್ಚಲ್ವಲ್ಲ."

ಹುಡುಗಿ ಅರ್ಜಿ ಹಾಕಿದಳು. ವಿಳಾಸ ಸ್ಕೂಲಿನದನ್ನೇ ಕೊಟ್ಟಳು. ಹಳ್ಳಿಗೆ ಕಳಿಸಿದ ಕಾಗದ ಕಳೆದುಹೋಗುತ್ತದೆ, ಸ್ಕೂಲಿನ ವಿಳಾಸ ಬರೆಯಿರಿ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದವನೂ ನಾನೇ.

ಇಂಟರ್‌ವ್ಯೂ ಕಾರ್ಡು ಒಂದು ಗುರುವಾರ ಬಂತು. ಬರುವ ಸೋಮವಾರ ಹನ್ನೊಂದು ಗಂಟೆಗೆ ಮೂಲ ಸರ್ಟಿಫಿಕೇಟುಗಳೊಂದಿಗೆ ಹಾಜರಾಗತಕ್ಕದ್ದು, ತಪ್ಪಿದರೆ ಸೀಟು ಬೇರೆಯವರಿಗೆ. ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಅಡ್ಮಿಷನ್ ರಿಜಿಸ್ಟರಿನ ನಡುವೆ ಇಟ್ಟು ರಿಜಿಸ್ಟರು ಮುಚ್ಚಿದೆ. ಆ ಹುಡುಗಿಯ ಮೇಲೆ ನನಗೆ ದ್ವೇಷವಿರಲಿಲ್ಲ. ಅವಳಿಗೆ ಸೀಟು ಸಿಕ್ಕರೆ ನನ್ನ ಕುರ್ಚಿ ಏನಾಗುತ್ತದೆ ಎಂಬುದೊಂದೇ ಕಣ್ಣ ಮುಂದೆ ಇತ್ತು. ಶುಕ್ರವಾರ ಕೊಡೋಣ ಎಂದುಕೊಂಡೆ. ಶುಕ್ರವಾರ ಕಳೆಯಿತು.

ಶನಿವಾರ ಮಧ್ಯಾಹ್ನ ತಂಗಿ ಸ್ಕೂಲಿನ ಗೇಟಿಗೆ ಬಂದಳು. ಸಂತೆಯಿಂದ ಬಂದಿದ್ದಳು, ಕಂಕುಳಲ್ಲಿ ಖಾಲಿ ಬುಟ್ಟಿ.

"ಅಣ್ಣ, ಕಾರ್ಡ್ ಏನಾರ ಬಂತಾ?"

"ಇಲ್ಲ ಕಣವ್ವ."

ಅವಳು ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. "ಬರ್ಲಿಲ್ಲ ಅಂದ್ರೆ ಬುಡು. ಸೋಮವಾರ ಏರು ಕಟ್ಟಾಕಿಲ್ಲ, ನಮ್ಮೋರು ಮಕ್ಕಳ ನೋಡ್ಕತಾರೆ. ನಾವೇ ಓಗಿ ಕೇಳ್ಕಬರವ. ನೀನೂ ಬಾ. ಆ ಕಾಲೇಜ್ ಕಂಡಿರೋನು ನೀನೊಬ್ನೇ."

ಆಯಿತು ಎಂದು ಒಳಗೆ ಹೋಗಿ, ರಿಜಿಸ್ಟರಿನಿಂದ ಕಾರ್ಡು ತೆಗೆದು ಜೇಬಿಗೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಮೂವರೂ ಹೊರಟೆವು. ಕಾರ್ಡು ನನ್ನ ಅಂಗಿಯ ಒಳಜೇಬಿನಲ್ಲಿತ್ತು. ಹೊಸ ರಿಬ್ಬನ್ನು ಕಟ್ಟಿದ ಹುಡುಗಿ ಕಿಟಕಿಯ ಪಕ್ಕ ಕುಳಿತು ಸರ್ಟಿಫಿಕೇಟಿನ ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು. ಕೊಡಬೇಕು ಎಂದೂ ಎನಿಸುತ್ತಿತ್ತು, ದಿಂಬಂನಲ್ಲಿ ಇಳಿದಾಗ ಹರಿದು ಕಣಿವೆಗೆ ಹಾಕಿಬಿಡೋಣ ಎಂದೂ ಎನಿಸುತ್ತಿತ್ತು. ಎರಡನೆಯದನ್ನೂ ಬರೆಯಲೇಬೇಕು. ದಿಂಬಂನಲ್ಲಿ ಬಸ್ಸು ನಿಂತಾಗ ನಾನು ಇಳಿದು ಅಂಚಿನವರೆಗೆ ಹೋದದ್ದೂ ನಿಜ. ತಂಗಿ ಹಿಂದೆಯೇ ಬಂದು, "ತಲೆ ಸುತ್ತದಾ ಅಣ್ಣ? ಇನ್ನೂ ಇಳಿಯಾದದ, ನಿಂಬೆಹಣ್ಣು ಮೂಸ್ಕೊ," ಎಂದು ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ಬಿಚ್ಚಿ ಕೊಟ್ಟಳು. ಅದನ್ನು ಹಿಡಿದುಕೊಂಡು ವಾಪಸು ಬಂದು ಕುಳಿತೆ.

ಕಾಲೇಜಿನ ಬೇವಿನ ಮರ ಅಲ್ಲೇ ಇತ್ತು, ದಪ್ಪವಾಗಿತ್ತು. ಹುಡುಗಿ ನೋಟೀಸ್ ಬೋರ್ಡಿಗೆ ಓಡಿದಳು. ಇಂಟರ್‌ವ್ಯೂಗೆ ಕರೆದವರ ಪಟ್ಟಿ ಅಂಟಿಸಿದ್ದರು. ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಂತುಬಿಟ್ಟಳು.

"ಅತ್ಗೆ! ನನ್ ನಂಬರ್ ಅದ! ಅತ್ಗೆ, ನನ್ ಎಸರೂ ಅದ!"

ತಂಗಿ ಆ ಕಾಗದವನ್ನು ಮುಟ್ಟಿ ನೋಡಿದಳು. ಅಷ್ಟರಲ್ಲಿ ಹನ್ನೊಂದಾಯಿತು, ಬಾಗಿಲಲ್ಲಿದ್ದ ಅಟೆಂಡರು ಕಾರ್ಡು ಕೇಳಿದ. ಕಾರ್ಡು ಬಂದಿಲ್ಲ, ಹೆಸರು ಇದೆ ಎಂದು ತಂಗಿ ತನ್ನ ಸಂತೆ ತಮಿಳಿನಲ್ಲಿ ಹೇಳಿದಳು. ಅವನು ತಲೆಯಾಡಿಸಿದ. "ಕಾರ್ಡ್ ಇಲ್ಲಾಮ ಉಳ್ಳೇ ವಿಡ ಮುಡಿಯಾದಮ್ಮಾ." ಕಾರ್ಡಿಲ್ಲದೆ ಒಳಗೆ ಬಿಡುವಂತಿಲ್ಲ. ಒಳಗಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದರು. ತಂಗಿ ಬೇಡಿಕೊಂಡಳು, ದಬಾಯಿಸಿದಳು, ಬೆಟ್ಟದಿಂದ ಬಂದಿದ್ದೇವೆ ಎಂದಳು. ಹುಡುಗಿ ನೋಡುತ್ತಿದ್ದುದು ಬಾಗಿಲನ್ನಲ್ಲ, ಬೇವಿನ ಮರದ ಕಡೆ, ಎಲ್ಲಿ ಹೋಗಿ ನಿಲ್ಲಲಿ ಎಂಬಂತೆ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಳಜೇಬಿಗೆ ಕೈ ಹಾಕಿ ಕಾರ್ಡು ತೆಗೆದೆ. ಬೆವರಿಗೆ ಮೆತ್ತಗಾಗಿತ್ತು.

"ಬಂದಿತ್ತು," ಎಂದೆ. "ಮರ್ತಿದ್ದೆ."

ತಂಗಿ ಕಾರ್ಡನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು, ಎರಡೂ ಬದಿ, ಮಗುವಿನ ಮೂಗು ಒರೆಸುವ ಹಾಗೆ. ಹುಡುಗಿಯ ಕೈಗೆ ಕೊಟ್ಟಳು.

"ಓಗವ್ವ. ಕೂಗ್ತಾವ್ರೆ."

ಹುಡುಗಿ ಒಳಗೆ ಹೋದಳು. ನಾವಿಬ್ಬರೂ ವರಾಂಡದಲ್ಲಿ ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ತಂಗಿ ಎದ್ದು ನೇರ ಆ ಕಿಟಕಿಗೆ ನಡೆದಳು. ನಾನು ಹದಿನೈದು ವರ್ಷದ ಹಿಂದೆ ಹೋಗದೆ ತಿರುಗಿ ಬಂದ ಕಿಟಕಿ. ಒಳಗೆ ತಲೆ ನೆರೆತ ಗುಮಾಸ್ತರೊಬ್ಬರು ಕುಳಿತಿದ್ದರು. ಕನ್ನಡದಲ್ಲಿ ಓದಿದವರಿಗೆ ಇಲ್ಲಿ ಸೀಟಿಲ್ಲ ಎಂಬ ರೂಲ್ಸು ಇತ್ತಲ್ಲ ಸಾರ್, ಅದನ್ನು ಯಾವಾಗ ತೆಗೆದಿರಿ ಎಂದು ತಮಿಳಿನಲ್ಲಿ ಕೇಳಿದಳು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆಯಲ್ಲಿದ್ದೆ.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಅಪ್ಪಡಿ ಒರು ರೂಲ್ಸ್ ಎಪ್ಪವುಮೇ ಇಲ್ಲೈಯಮ್ಮಾ." ಅಂಥ ರೂಲ್ಸು ಯಾವತ್ತೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ನಾನು ಇದೇ ಕಿಟಕಿಯಲ್ಲಿ ಇದ್ದೇನೆ, ಬೆಟ್ಟದ ಮೇಲಿನವರು ಯಾಕೆ ಯಾರೂ ಬರುವುದಿಲ್ಲ ಎಂದು ನಾನೇ ಅಂದುಕೊಳ್ಳುತ್ತಿದ್ದೆ ಎಂದರು.

"ಸರಿ ಸಾರ್," ಎಂದಳು ತಂಗಿ. ಕಿಟಕಿಯ ಕಟ್ಟೆಯ ಮೇಲೆ ಇಟ್ಟ ಕೈಯನ್ನು ಒಂದು ಗಳಿಗೆ ಹಾಗೆಯೇ ಬಿಟ್ಟು, ಆಮೇಲೆ ತೆಗೆದಳು. ತಿರುಗಿ ಬಂದು ವರಾಂಡದಲ್ಲಿ ಮತ್ತೆ ನನ್ನ ಪಕ್ಕದಲ್ಲೇ ಕುಳಿತಳು.

ಆಗ ಹುಡುಗಿ ಬಂದಳು. ಬಂದಳು ಎನ್ನುವುದಕ್ಕಿಂತ ಹಾರಿದಳು. ಬಿ.ಕಾಂ. ಸಿಕ್ಕಿತ್ತು, ಹಾಸ್ಟೆಲೂ ಸಿಕ್ಕಿತ್ತು. ಮೊದಲನೆಯ ಭಾಷೆ ಯಾವುದು ತಗೋತೀಯ ಎಂದು ಪ್ರಿನ್ಸಿಪಾಲರು ಕೇಳಿದರಂತೆ. "ತಮಿಳೇ ಕೊಡಿ ಸಾರ್ ಅಂದೆ ಅತ್ಗೆ. ಮಾತಾಡಾಕೆ ಬತ್ತದ, ಬರೆಯಾದು ಕಲ್ತ್ಕತೀನಿ ಅಂದೆ. ಅದ್ಕೆ ಅವ್ರು ಎಲ್ಲಿ ಕಲ್ತೆ ಅಂದ್ರು. ನಮ್ಮತ್ಗೆ ಜೊತೆ ಬೀನ್ಸ್ ಮಾರಿ ಕಲ್ತೆ ಅಂದೆ. ಎಲ್ಲಾರೂ ನಕ್ಬುಟ್ರು!"

ತಂಗಿ ಅವಳ ಕೆನ್ನೆಗೆ ಕೈ ಸವರಿ ನೆಟಿಗೆ ಮುರಿದಳು. ಕಾಲೇಜಿನ ವರಾಂಡದಲ್ಲಿ, ಪ್ಯಾಂಟು ಹಾಕಿದ ಹುಡುಗರ ನಡುವೆ, ಹತ್ತೂ ಬೆರಳು ಲಟಲಟ ಎಂದವು.

ಸಂಜೆಯ ಬಸ್ಸಿನ ಕಂಡಕ್ಟರು ನಮ್ಮ ಬೆಟ್ಟದವನೇ. ತಂಗಿಯನ್ನು ವಾರಕ್ಕೆ ಎರಡು ಸಲ ಬುಟ್ಟಿಯ ಜೊತೆ ನೋಡುವವನು. "ಏನಕ್ಕ, ಇವತ್ತು ಬುಟ್ಟಿನೇ ಇಲ್ಲ?" ಎಂದ.

"ಬೀನ್ಸ್ ಮಾರಾಕ್ ಓಗಿರ್ಲಿಲ್ಲ ಕಣಪ್ಪ," ಎಂದಳು ತಂಗಿ, ಬಸ್ಸಿಗೆಲ್ಲ ಕೇಳುವ ಹಾಗೆ. "ಬಿ.ಕಾಂ. ತರಾಕ್ ಓಗಿದ್ದೆ!"

ಬಸ್ಸೆಲ್ಲ ತಿರುಗಿ ನೋಡಿತು. ದಿಂಬಂ ತಲುಪುವುದರೊಳಗೆ ಹಿಂದಿನ ಸೀಟಿನವರಿಗೂ ವಿಷಯ ಗೊತ್ತಾಗಿತ್ತು. ಟೀ ಅಂಗಡಿಯಲ್ಲಿ ಯಾರೋ ಹುಡುಗಿಗೆ ಬಜ್ಜಿ ಕೊಡಿಸಿದರು, ಡ್ರೈವರು ಹೊರಡುವ ಮುಂಚೆ ಎರಡು ಸಲ ಸುಮ್ಮನೆ ಹಾರನ್ ಹೊಡೆದ. ಅದೇ ಬೆಂಚು. ತಂಗಿ ಮೊದಲ ಲೋಟ ಟೀ ನನಗೇ ತಂದು ಕೊಟ್ಟಳು. "ಕುಡಿ ಅಣ್ಣ, ಬೆಳಗಿಂದ ಏನೂ ತಿಂದಿಲ್ಲ ನೀನು." ಅವತ್ತು ಅಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

ಮುಂದಿನ ಸೋಮವಾರ ಜಗಲಿಯಲ್ಲಿ ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ, ಆ ರೂಲ್ಸು ಇಲ್ಲ, ಯಾವತ್ತೂ ಇರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದೆ. ಎಲೆ ಅಡಿಕೆಯ ಮುದುಕರು ಬಹಳ ಹೊತ್ತು ಅಗಿದು, "ಏನ್ಲಾ ನೀನು, ಇಪ್ಪತ್ತೇಳು ತಿರುವಿಗೂ ಒಬ್ನೇ ಬೇಲಿ ಆಕ್ಬುಟ್ಟಿದ್ಯಲ್ಲೋ!" ಎಂದರು. ಕೆಲವರು ಎದ್ದು ಹೋದರು, ಒಬ್ಬರು ಉಗಿದೇ ಹೋದರು. ನಾನು ಅದಕ್ಕೆ ತಕ್ಕವನೇ. ಆದರೆ ಮಾರನೆಯ ಜೂನಿನಲ್ಲಿ ಅವರ ಮಕ್ಕಳೆಲ್ಲ ಬಂದರು. ಕಾಲೇಜಿನ ಪ್ರಾಸ್ಪೆಕ್ಟಸನ್ನು ನಾನೇ ಹೋಗಿ ತಂದಿದ್ದೆ. ಗೋಡೆಗೆ ಒಂದು ಕರಿಹಲಗೆ ಹೊಡೆಸಿ, ಯಾವ ಡಿಗ್ರಿಗೆ ಯಾವ ಗ್ರೂಪು, ಕಡೆಯ ತಾರೀಕು ಯಾವುದು, ಯಾವ ಸರ್ಟಿಫಿಕೇಟನ್ನು ತಾಲ್ಲೂಕು ಆಫೀಸಿನಿಂದ ಮೊದಲೇ ತಂದಿಟ್ಟುಕೊಳ್ಳಬೇಕು ಎಂದು ಸೀಮೆಸುಣ್ಣದಲ್ಲಿ ಬರೆದೆ. ಪುಸ್ತಕದಲ್ಲಿಲ್ಲದ ಒಂದು ಅಕ್ಷರವನ್ನೂ ಬರೆಯಲಿಲ್ಲ. ಆ ಜೂನಿನಲ್ಲಿ ಒಂದೇ ಬಸ್ಸಿನಲ್ಲಿ ಆರು ಮಕ್ಕಳನ್ನು ಇಳಿಸಿಕೊಂಡು ಹೋದೆ. ಇಬ್ಬರು ಹುಡುಗಿಯರು. ಒಬ್ಬನಿಗೆ ಕೋ-ಆಪರೇಷನ್, ಇಬ್ಬರಿಗೆ ಎಕನಾಮಿಕ್ಸ್, ಮೂವರಿಗೆ ಬಿ.ಕಾಂ. ಆರಕ್ಕೆ ಆರೂ ಸಿಕ್ಕಿತು. ನಾನು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಪಂಚೆಗೆ ಅವತ್ತೂ ಗ್ರೀಸು ಹತ್ತಿತ್ತು.

ಎಂಬತ್ತರ ದಶಕ ಮುಗಿಯುವ ಮುಂಚೆ ಹುಡುಗಿ ಬಿ.ಕಾಂ. ಫಸ್ಟ್ ಕ್ಲಾಸಿನಲ್ಲಿ ಮುಗಿಸಿ ಬಂದಳು. ಬಂದದ್ದು ಸೋಮವಾರ. ಬಸ್‌ಸ್ಟಾಪಿನಿಂದಲೇ ಜನ ಅವಳನ್ನು ನಮ್ಮ ಜಗಲಿಗೆ ಕರೆತಂದರು. ಅವಳು ಅಭ್ಯಾಸದಂತೆ ಕೆಳಗೆ ಕೂರಲು ಹೋದಳು. ನಾನು ಬೆತ್ತದ ಕುರ್ಚಿಯನ್ನು ಒರೆಸಿ ಮುಂದಕ್ಕೆ ಎಳೆದೆ.

"ಭಾವ, ಇದು ನಿಮ್ ಸಿಂಹಾಸನ ಅಲ್ವಾ? ಇದ್ಕೇನ್ ರೂಲ್ಸು?" ಎಂದಳು.

"ಓದಿದೋರು ಕೂತ್ಕಬೇಕು," ಎಂದೆ. ಕೂತಳು. ಕತ್ತಲಾಗುವವರೆಗೆ ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಕೇಳಿ ಬಂದು ಹೇಳುತ್ತೇನೆ ಎಂದಳು. ನಾನು ಆ ಕುರ್ಚಿಯಲ್ಲಿ ಕೂತಷ್ಟು ವರ್ಷ ಒಮ್ಮೆಯೂ ಆಡದ ಮಾತು ಅದು.

ಆಮೇಲಿನ ವರ್ಷಗಳಲ್ಲಿ ನಾನು ಸಿಕ್ಕಿದವರ ಹತ್ತಿರ ತಪ್ಪು ಒಪ್ಪಿಕೊಂಡಿದ್ದೇನೆ. ಟೈಲರನ ಅಂಗಡಿಗೆ ಹೋಗಿ ಹೇಳಿದೆ. ಅವನು ಮೆಷಿನ್ನು ನಿಲ್ಲಿಸಿ, "ಬುಡಿ ಕ್ಲರ್ಕಣ್ಣ, ಬಿ.ಕಾಂ. ಓದಿದೋರೆಲ್ಲ ನನ್ನತ್ರನೇ ಪ್ಯಾಂಟ್ ಒಲ್ಸ್ಕತಾರೆ," ಎಂದು ನಕ್ಕ. ಅವನ ಮಗಳು ಕೆಳಗೇ ಓದಿದಳು. ಟ್ರ್ಯಾಕ್ಟರಿನವನು ನಗಲಿಲ್ಲ. ಆಯ್ತು ಎಂದ, ಅಷ್ಟೇ. ಕಾರ್ಡನ್ನು ಬಚ್ಚಿಟ್ಟದ್ದನ್ನು ಆ ಹುಡುಗಿಗೂ ಹೇಳಿ ಕೈ ಮುಗಿದೆ. "ಅವತ್ತೇ ಗೊತ್ತಿತ್ತು ಭಾವ," ಎಂದಳು. "ಅತ್ಗೆ ಏಳ್ಬೇಡ ಅಂದಿದ್ರು."

ಹೀಗೆ ಎಲ್ಲರ ಬಾಗಿಲಿಗೂ ಹೋದವನು ಒಂದು ಬಾಗಿಲಿಗೆ ಹೋಗಿಲ್ಲ. ಅದು ದೂರವೇನೂ ಇಲ್ಲ, ಪಣಕಹಳ್ಳಿ, ಬಸ್ಸಿನಲ್ಲಿ ಅರ್ಧ ಗಂಟೆ. ಹಬ್ಬಕ್ಕೆ ಹೋಗುತ್ತೇನೆ, ಉಂಡು ಬರುತ್ತೇನೆ. ತವರಿನಿಂದ ಹೋದ ಹಳೆಯ ಟ್ರಂಕು ಈಗಲೂ ಅವರ ನಡುಮನೆಯಲ್ಲಿದೆ. ಅದರ ತಳದಲ್ಲಿ ಮಡಿಸಿಟ್ಟ ಮಾರ್ಕ್ಸ್ ಕಾರ್ಡಿನಲ್ಲಿ ನನ್ನದಕ್ಕಿಂತ ಬಹಳ ಹೆಚ್ಚು ನಂಬರುಗಳಿವೆ. ನಾನು ಅದರ ಮೇಲೆಯೇ ಕುಳಿತು ಕಾಫಿ ಕುಡಿಯುತ್ತೇನೆ. ಬಾಯಿ ತೆರೆದರೆ ಮಳೆ ಬಂತಾ ಎಂದು ಕೇಳಿಬಿಡುತ್ತೇನೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೈ ಇಟ್ಟು ತೆಗೆದವಳು, ಬೆಲೆ ಯಾಕೆ ಏಳುತ್ತದೆ ಯಾಕೆ ಬೀಳುತ್ತದೆ ಎಂದು ಓದಬೇಕೆಂದಿದ್ದವಳು, ನಾನು ಇವತ್ತಿಗೂ ಕ್ಷಮೆ ಕೇಳದವಳು: ನನ್ನ ತಂಗಿ.